ಕೊಂಡಿ ಹಾಕುವ ದಿನ

ಕೊಂಡಿ ಹಾಕುವುದು ಒಬ್ಬರಿಂದಾಗುವ ಕೆಲಸವಲ್ಲ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಇದು ತೊಟ್ಟಿಲ ಕೂಸಿಗೂ ಗೊತ್ತು. ಸೀರೆಯ ಒಡಲಿಗೆ ಉದ್ದೆಳೆಗಳ ಒಂದು ಹಾಸು, ಸೆರಗಿಗೆ ಕೆಂಪು ರೇಷ್ಮೆಯ ಇನ್ನೊಂದು ಹಾಸು. ಮಗ್ಗದ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕೂತು, ಒಂದರ ಎಳೆಯ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ತೂರಿಸಿ ಸಾವಿರಗಟ್ಟಲೆ ಎಳೆ ಕೂಡಿಸಬೇಕು. ಒಂದು ಸೀರೆ ಇಳಿಯಿತೆಂದರೆ ಮುಂದಿನದಕ್ಕೆ ಮತ್ತೆ ಅದೇ ಕೆಲಸ. ಕೊಂಡಿ ಬೀಳದೆ ಲಾಳಿ ಓಡುವುದಿಲ್ಲ, ಲಾಳಿ ಓಡದೆ ಒಲೆ ಹೊತ್ತುವುದಿಲ್ಲ.

ಅವತ್ತು ಮುಂಜಾನೆ ಅಮರಪ್ಪ ಈ ಕಡೆ ಬಂದು ಕೂತು ಬಹಳ ಹೊತ್ತಾಗಿತ್ತು. ಆ ಕಡೆ ಯಾರೂ ಇರಲಿಲ್ಲ.

ಅವನ ಹೆಂಡತಿ ಶೇಖವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಮಗ್ಗದ ಕೋಣೆಯ ಕಡೆ ಇಣುಕಿ ನೋಡಿದಳು. ಗಂಡ ಮಾತಾಡುವವನಲ್ಲ. ಸಿಟ್ಟು ಬಂದರೆ ಎಲೆಯಡಿಕೆಯ ಚೀಲ ಬಿಚ್ಚುತ್ತಾನೆ, ಕಟ್ಟುತ್ತಾನೆ, ಅಷ್ಟೇ. ಆ ಮನೆಯ ಸಿಟ್ಟನ್ನೆಲ್ಲ ಆಕೆಯೊಬ್ಬಳೇ ಮಾಡಬೇಕಾಗಿತ್ತು, ಮತ್ತು ಆ ಕೆಲಸದಲ್ಲಿ ಆಕೆ ಎಂದೂ ಮೈಗಳ್ಳಿಯಲ್ಲ. ರೊಟ್ಟಿಯ ಮೇಲೆ ಬೀಳುವ ಪೆಟ್ಟು ಕೇಳಿಯೇ ಸೊಸೆ ಸಂಗವ್ವ ನೂಲು ಸುತ್ತುವ ರಾಟೆಯನ್ನು ಪಡಸಾಲೆಯಿಂದ ಹಿತ್ತಲಿಗೆ ಎಳೆದುಕೊಂಡು ಹೋದಳು.

ಮಗ ಬಸು ಹಿಂದಿನ ದಿನ ಸಂಜೆ ಕಮತಗಿಗೆ ನಾಟಕ ಕಲಿಸಲು ಹೋಗಿದ್ದ. ಮೊದಲ ಬಸ್ಸಿಗೆ ಬರುತ್ತೇನೆ ಎಂದವನು ಬಂದಿರಲಿಲ್ಲ. ಏಳನೆಯ ಇಯತ್ತೆ ಮುಗಿಸಿದ ವರ್ಷದಿಂದ ಅವನು ಅಪ್ಪನ ಎದುರಿಗೆ ಮಗ್ಗಕ್ಕೆ ಕೂತವನು. ಮೀಸೆ ಬಂದ ಮೇಲೆ ಹಾರ್ಮೋನಿಯಂ ಪೇಟಿ ನುಡಿಸಲು ಕಲಿತ. ಊರೂರಿನ ಹುಡುಗರಿಗೆ ನಾಟಕ ಕಲಿಸಿದ. ಆಮೇಲೆ ತಾನೇ ಬರೆಯತೊಡಗಿದ. ಹುನಗುಂದದ ಕಡೆಯ ಹಳ್ಳಿಗಳಲ್ಲಿ ಅವನು ಬಸು ಮಾಸ್ತರ. ಕಟ್ಟೆಯ ಮೇಲೆ ಕೂತವರು ಎದ್ದು ಜಾಗ ಕೊಡುತ್ತಾರೆ. ಮನೆಗೆ ತರುವುದು ಮಾತ್ರ ಒಂದು ತೆಂಗಿನಕಾಯಿ, ಒಂದು ರುಮಾಲು, ಮುಂದಿನ ಹುಣ್ಣಿಮೆಗೆ ರೊಕ್ಕ ಕೊಡುತ್ತೇವೆಂಬ ಮಾತು. ಶೇಖವ್ವನ ಮನೆಯಲ್ಲಿ ರುಮಾಲುಗಳಿಗೆ ಬರವಿರಲಿಲ್ಲ.

ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಬಸು ಬಂದ. ಕಣ್ಣು ಕೆಂಪಗಾಗಿದ್ದವು.

"ಬಂದ್ರಿ, ಮಾಸ್ತರ?" ಅಂದಳು ಶೇಖವ್ವ. "ಹಾರ ತುರಾಯಿ ತರಸೂದಿತ್ತು. ಬರೂದು ಗೊತ್ತಾಗಲಿಲ್ಲ."

"ಬಸ್ ತಪ್ಪಿತು ಬೇ."

"ಬಸ್ ತಪ್ಪತೈತಿ, ಕೊಂಡಿ ತಪ್ಪತೈತಿ, ಉಣ್ಣೂದು ತಪ್ಪತೈತಿ. ನಾಟಕ ಒಂದು ತಪ್ಪೂದಿಲ್ಲ ನೋಡು."

ಅವನು ಮುಖಕ್ಕೆ ನೀರು ಹಾಕಿಕೊಂಡು ಹೋಗಿ ಅಪ್ಪನ ಎದುರಿಗೆ ಕೂತ. ಎಳೆ ಹಿಡಿದ. ಸ್ವಲ್ಪ ಹೊತ್ತಿಗೆ ತಲೆ ಜೋಲಿತು, ಕೈ ಸಡಿಲಾಯಿತು, ಕೂಡಿಸಿದ ಕುಣಿಕೆಗಳು ಸರಸರನೆ ಬಿಚ್ಚಿಕೊಂಡವು. ಅಮರಪ್ಪ ಬೈಯಲಿಲ್ಲ.

"ಹೋಗಿ ಮಲಗು," ಅಂದ. "ಎದ್ದ ಮ್ಯಾಲ ಹಾಕೋಣು."

ಬೈದಿದ್ದರೆ ಬಸು ಎದುರು ಮಾತಾಡುತ್ತಿದ್ದ. ಈಗ ಕಣ್ಣು ತಿಕ್ಕಿಕೊಂಡು ಅಲ್ಲೇ ಕೂತ. ಆ ಕೊಂಡಿ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.

ಲಗ್ನದ ಹಂಗಾಮು ಹತ್ತಿರ ಬಂದಿತ್ತು. ಎರಡು ಸಾವಿರದ ಮೂರನೆಯ ಇಸವಿಯ ಯುಗಾದಿಗೆ ಇನ್ನೊಂದು ತಿಂಗಳಿತ್ತು. ನೂಲು ಕೊಡುವ ಸಾವಕಾರ ದಿನಾಲು ಆಳು ಕಳಿಸಿ ಸೀರೆ ಎಷ್ಟು ಇಳಿದವು ಎಂದು ಕೇಳುತ್ತಿದ್ದ. ಅಮರಪ್ಪನ ಕಣ್ಣು ಮಂಜಾಗಿದ್ದವು. ಒಡಲು ನೇಯಲು ಕೈಯ ರೂಢಿ ಸಾಕು, ಸೆರಗಿಗೆ ಕಣ್ಣೇ ಬೇಕು. ಸೆರಗು ಬಸುವಿನ ಪಾಲಿಗೆ ಬಿದ್ದಿತ್ತು.

ಊಟಕ್ಕೆ ಕೂತಾಗ ಶೇಖವ್ವ ಎದುರುಮನೆಯ ಸಚಿನನ ಮಾತು ತೆಗೆದಳು. ಆ ಹುಡುಗ ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಕೆಲಸಕ್ಕಿದ್ದ. ತಲೆಯಿಂದ ಕಾಲತನಕ ಕಲ್ಲಿನ ಹುಡಿ ಬಡಿದುಕೊಂಡು ಮನೆಗೆ ಬಂದರೂ ಶನಿವಾರ ಅವನ ತಾಯಿಯ ಕೈಗೆ ಪಗಾರ ಬೀಳುತ್ತಿತ್ತು. ಮೊನ್ನೆ ಆಕೆ ಮಿಕ್ಸರ್ ತಂದು, ಅದರ ಸಪ್ಪಳ ಓಣಿಗೆಲ್ಲ ಕೇಳಲೆಂದು ಬಾಗಿಲು ತೆರೆದಿಟ್ಟು ಹಿಂಡಿ ಅರೆದಿದ್ದಳು.

"ನಾನೂ ದುಡಿಯಾಕತ್ತೇನಲ್ಲಬೇ," ಅಂದ ಬಸು.

"ಯಾವಾಗ? ನಿದ್ದಿಗಣ್ಣಾಗೇನು? ಹೊಟ್ಟಿಗಿ ರೊಟ್ಟಿ ಬೇಕು, ರೊಟ್ಟಿಗಿ ಹಿಟ್ಟು ಬೇಕು..."

"ಹಿಟ್ಟಿಗಿ ಲಾಳಿ ಓಡಬೇಕು," ಎಂದು ಮೂಲೆಯಲ್ಲಿ ನುಚ್ಚು ಮಜ್ಜಿಗೆ ಕಲಸಿಕೊಳ್ಳುತ್ತಿದ್ದ ಮೊಮ್ಮಗಳು ಪ್ರಿಯದರ್ಶಿನಿ ಅದೇ ರಾಗದಲ್ಲಿ ಮುಂದುವರಿಸಿದಳು. "ನಿನ್ನ ಪೇಟಿ ನುಡಿಸಿದ್ರ ಜ್ವಾಳ ಉದರೂದಿಲ್ಲೋ ನನ್ನ ರಾಜಾ."

ಶೇಖವ್ವನ ಕೈಯಲ್ಲಿದ್ದ ಪುಂಡಿಪಲ್ಯದ ಸೌಟು ಹಾಗೇ ನಿಂತಿತು. ತಾನು ಇನ್ನೂ ಆಡದ ಮಾತು ಇವಳ ಬಾಯಿಗೆ ಹೇಗೆ ಬಂತು?

"ಅದು ಅಪ್ಪನ ನಾಟಕದಾಗ ಐತಿ, ಆಯಿ," ಅಂದಳು ಹುಡುಗಿ. "ಎರಡನೇ ಅಂಕ. ಮುದುಕಿ ಪಾರ್ಟು."

ಸಂಗವ್ವ ತಲೆ ತಗ್ಗಿಸಿ ರೊಟ್ಟಿ ಮುರಿದಳು. ಆಕೆಯ ಹೆಗಲು ನಗುವಿಗೆ ಕುಣಿಯುತ್ತಿದ್ದವು. ಅಮರಪ್ಪನೂ ಮೀಸೆ ಒರೆಸುವ ನೆಪದಲ್ಲಿ ಬಾಯಿ ಮುಚ್ಚಿಕೊಂಡ. ಶೇಖವ್ವ ಮಗನ ಕಡೆ ನೋಡಿದಳು. ಅವನು ತಾಟಿನ ಕಡೆ ನೋಡುತ್ತಿದ್ದ.

"ಮನ್ಯಾಗ ಕುಂತು ನನ್ನ ಬಾಯಾಗಿನ ಮಾತು ಕದ್ದು ಕಮತಗ್ಯಾಗ ಮಾರತೀ? ಛಲೋ ಧಂಧೆ ನಿಂದು. ಅದಕ್ಕರ ನನಗ ಪಗಾರ ಕೊಡು."

ಹೀಗೆಂದು ಆಕೆ ಎದ್ದು ಹೋದಳು. ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ ಮಾತ್ರ ಆ ಮಾತನ್ನು ತಾನೇ ಒಮ್ಮೆ ಮೆಲ್ಲಗೆ ಅಂದು ನೋಡಿದಳು. ಕೇಳಲು ಕೆಟ್ಟದಾಗೇನೂ ಇರಲಿಲ್ಲ.

ಮುಂದಿನ ವಾರ ಸಾವಕಾರನ ಅಂಗಡಿಯಿಂದ ಒಂದು ಸೀರೆ ತಿರುಗಿ ಬಂತು. ಅದು ಆ ಓಣಿಯಲ್ಲಿ ಸಣ್ಣ ಸುದ್ದಿಯಲ್ಲ. ಇಳಕಲ್ ಸೀರೆಯ ಸೆರಗಿನಲ್ಲಿ ಮೂರು ಕೆಂಪು ಪಟ್ಟಿ, ನಡುನಡುವೆ ಎರಡು ಬಿಳಿ ಪಟ್ಟಿ. ಬಿಳಿಯ ಅಂಚಿಗೆ ಜೋಳದ ತೆನೆಯಂತೆ ಮೇಲೆದ್ದ ಚೂಪು ಸಾಲು. ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಬಸು ಒಂದು ಬಿಳಿ ಪಟ್ಟಿಯನ್ನೇ ನೇಯದೆ ಬಿಟ್ಟಿದ್ದ. ಎರಡು ಕೆಂಪು ಕೂಡಿ ಒಂದಾಗಿ, ಸೆರಗು ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು. ತಾನೇ ಮಡಚಿ, ತಾನೇ ಅಂಗಡಿಗೆ ಒಯ್ದುಕೊಟ್ಟು ಬಂದಿದ್ದ. ಅಷ್ಟಾದರೂ ಕಂಡಿರಲಿಲ್ಲ ಅವನಿಗೆ.

ಬೇಕಾದರೆ ನೇದವನ ಮನೆಯವರೇ ಉಟ್ಟುಕೊಳ್ಳಲಿ, ತನಗೆ ಬೇಡ ಎಂದು ಸಾವಕಾರ ಹೇಳಿ ಕಳಿಸಿದ್ದ. ನೂಲಿನ ಬೆಲೆಯನ್ನು ಮಜೂರಿಯಲ್ಲಿ ಹಿಡಿಯುವುದಾಗಿಯೂ ಹೇಳಿದ್ದ.

ಅಮರಪ್ಪ ಸೆರಗಿನ ಮೇಲೆ ಕೈಯಾಡಿಸಿದ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಕ್ಕಿತು. ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಅವತ್ತು ಅಳಾಕತ್ತಿದ್ರು ಅತ್ತಿ," ಎಂದು ಸಂಗವ್ವ ಗಂಡನ ಪರ ವಹಿಸಿದಳು. "ನೇಕೋತ ನೇಕೋತ ಕಡೀ ಸೀನು ಬಾಯಾಗ ಕಟ್ಟಾಕತ್ತಿದ್ರು. ಕಣ್ಣಾಗ ನೀರು ಬಂದಿದ್ವು."

"ಮಗ್ಗದಾಗ ಕುಂತು ಅಳೂದು ಇನ್ನೊಂದು ಬಾಕಿ ಇತ್ತು," ಅಂದಳು ಶೇಖವ್ವ.

ಆ ಸೀರೆಯನ್ನು ಏನು ಮಾಡುವುದು? ಸಂಗವ್ವ ಮನೆಯಲ್ಲಿ ಉಡುತ್ತೇನೆ ಎಂದಳು. ಶೇಖವ್ವ ಒಪ್ಪಲಿಲ್ಲ. ತಪ್ಪಿದ ಸೆರಗನ್ನು ನೇಕಾರನ ಮನೆಯ ಹೆಂಗಸು ಹೊತ್ತು ತಿರುಗಿದರೆ ಗಂಡಸಿನ ಕೈಯ ಮಾನವನ್ನು ಬಾಗಿಲಿಗೆ ತೋರಣ ಕಟ್ಟಿದ ಹಾಗೆ. ಬೇಡಿ ಬಂದವರಿಗೂ ಅದನ್ನು ಕೊಡುವುದಿಲ್ಲ, ಅವರು ಉಟ್ಟು ಊರು ಸುತ್ತುತ್ತಾರಲ್ಲ! ಟ್ರಂಕಿನ ತಳಕ್ಕೆ, ಕೌದಿಗಳ ಕೆಳಗೆ ಹಾಕಿದಳು.

ಅವತ್ತು ಸಂಜೆ ಬಸು ಅಮೀನಸಾಬನ ಸುದ್ದಿ ಹೇಳಿದ. ಹೇಳಬಾರದ ದಿನವೇ ಹೇಳಿದ. ಆದರೆ ಮುಂದೂಡಲು ದಿನಗಳಿರಲಿಲ್ಲ. ಅಮೀನಸಾಬನದು ಊರೂರು ತಿರುಗುವ ನಾಟಕ ಕಂಪನಿ, ಆಗ ಬಾದಾಮಿಯಲ್ಲಿ ಡೇರೆ ಹಾಕಿತ್ತು. ಅವನಿಗೆ ಹೊಸ ನಾಟಕ ಬರೆಯುವವನು, ಪೇಟಿ ನುಡಿಸಿ ಕಲಿಸುವವನು ಬೇಕಾಗಿದ್ದ. ಕಮತಗಿಯ ಪ್ರಯೋಗ ನೋಡಲು ಬರುತ್ತಾನೆ. ಒಪ್ಪಿದರೆ ತಿಂಗಳ ಪಗಾರ, ಎರಡು ಹೊತ್ತು ಊಟ.

"ಕೊಂಡಿ?" ಅಂದ ಅಮರಪ್ಪ.

ಬಸು ದೀಪದ ಸುತ್ತ ಹಾರುತ್ತಿದ್ದ ಹುಳವನ್ನೇ ನೋಡುತ್ತ ಕೂತ. ಆಮೇಲೆ ಆ ಮನೆಯಲ್ಲಿ ನಡೆದ ಜಗಳ ಎದುರುಮನೆಯ ಮಿಕ್ಸರಿನ ಸಪ್ಪಳವನ್ನೂ ಮುಚ್ಚಿಹಾಕಿತು. ಕಂಪನಿಯ ಪಗಾರ ಟಿಕೀಟಿನ ಗಲ್ಲೆ ತುಂಬಿದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂದು ಶೇಖವ್ವ ಅಂದಳು. ಮಗ್ಗದ ಮಜೂರಿಯೂ ಹಾಗೇ ಇದೆಯಲ್ಲ ಎಂದು ಬಸು ಅಂದ. ಯಾರಿಂದ ಹಾಗಾಯಿತು, ಇವತ್ತು ತಿರುಗಿ ಬಂದ ಸೀರೆ ಯಾರದು ಎಂದು ಆಕೆ ಕೇಳಿದಳು. ಅವನು ದನಿಯೇರಿಸಿದ. ಹದಿನೆಂಟು ವರ್ಷದಿಂದ ಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದೇನೆ, ಯಾರದೋ ಮದುವೆಗೆ ಯಾರದೋ ಬಣ್ಣ ನೇದಿದ್ದೇನೆ, ತನ್ನದು ಅಂತ ಒಂದು ಎಳೆ ಇಲ್ಲ ಎಂದ.

"ಎರಡೂ ಕೆಲಸ ಕೆಡಸಾಕತ್ತಿ ನೀ," ಅಂದಳು ಶೇಖವ್ವ. "ಅಲ್ಲಿ ತೂಕಡಸ್ತಿ, ಇಲ್ಲಿ ಅಳತಿ. ಒಂದು ಹಿಡಿ, ಒಂದು ಬಿಡು. ಆ ಸಾಬ ಒಲ್ಲೆ ಅಂದ್ರ ಏನು ಮಾಡ್ತಿ, ಅದನ್ನ ಹೇಳು."

ಬಸು ಗೋಡೆಯ ಗೂಟಕ್ಕೆ ಆನಿಸಿಟ್ಟ ಪೇಟಿಯ ಕಡೆ ನೋಡಿದ. ಅದರ ಮೇಲೆ ಸಂಗವ್ವ ಹೊಲಿದ ಗವಸಿತ್ತು.

"ಒಲ್ಲೆ ಅಂದ್ರ ಪೇಟಿ ಮಾರ್ತೇನಿ," ಅಂದ. "ಮತ್ತ ನಾಟಕದ ಹೆಸರ ಎತ್ತೂದಿಲ್ಲ. ನಿನ್ನ ಆಣಿ."

ಶೇಖವ್ವ ಆ ಮಾತನ್ನು ಗಂಟು ಹಾಕಿಕೊಂಡಳು. ಅಲ್ಲಿಂದ ಮುಂದೆ ಜಗಳ ಮಾಡಲಿಲ್ಲ. ದಿನಾಲು ದೇವರಿಗೆ ಊದಿನಕಡ್ಡಿ ಹಚ್ಚುವಾಗ ಅಮೀನಸಾಬನ ಬಾಯಲ್ಲಿ ಒಲ್ಲೆ ಎಂಬ ಮಾತು ಬರಲಿ ಎಂದು ಬೇಡಿಕೊಂಡಳು. ನಾಟಕಕ್ಕೆ ತಾನು ಬರುವುದಿಲ್ಲ, ಆಯೇರಿಯನ್ನೂ ಒಯ್ಯುವುದಿಲ್ಲ ಎಂದು ಸ್ಪಷ್ಟ ಹೇಳಿದಳು. ನಾಟಕದಲ್ಲಿ ಮನೆಯವರಿದ್ದರೆ ಬೀಗರು ಬಿಜ್ಜರು ನಡು ನಾಟಕದಲ್ಲೇ ವೇದಿಕೆ ಹತ್ತಿ ಬಟ್ಟೆ, ಕಾಯಿ ಕೊಟ್ಟು ಆಯೇರಿ ಮಾಡುವುದು ಆ ಕಡೆಯ ರೂಢಿ. ಯಾರೂ ಬರದಿದ್ದರೆ ನಾಲ್ಕು ಜನರ ಮುಂದೆ ಬರಿಗೈ. ಅದಕ್ಕೇ ಸಂಗವ್ವ ಅತ್ತೆಗೆ ಕಾಣದಂತೆ ಒಂದು ರುಮಾಲು, ಒಂದು ಕಾಯಿ ಚೀಲದಲ್ಲಿ ಇಟ್ಟುಕೊಂಡಳು.

ನಾಟಕದ ದಿನ ಊಟವಾದ ಮೇಲೆ ಶೇಖವ್ವ ಕೌದಿಗಳನ್ನು ಬಿಸಿಲಿಗೆ ಹಾಕಲು ಟ್ರಂಕು ತೆಗೆದಳು. ತಳದಲ್ಲಿ ಸೀರೆ ಇರಲಿಲ್ಲ.

"ಅಪ್ಪ ಒಯ್ದಾನ, ಆಯಿ," ಅಂದಳು ಪ್ರಿಯದರ್ಶಿನಿ, ಜಡೆ ಹಾಕಿಸಿಕೊಳ್ಳುತ್ತ. "ಮುದುಕಿ ಪಾರ್ಟು ಮಾಡೂ ಮಲಿಕಾ ಮಿಂಚಿನ ಸೀರಿ ತಂದಿದ್ಲಂತ. ನೇಕಾರ ಮುದುಕಿ ಮಿಂಚಿನ ಸೀರಿ ಉಡತಾಳೇನು? ಸ್ಟೇಜಿನ ಮ್ಯಾಲ ಸೆರಗು ಯಾರು ಎಣಸ್ತಾರ ಅಂದ ಅಪ್ಪ."

ಶೇಖವ್ವ ಅಲ್ಲೇ ಕುಸಿದು ಕೂತಳು. ಬೇರೆ ಯಾವ ಊರಾಗಿದ್ದರೂ ಆ ಮಾತು ಖರೆ. ಅದು ಕಮತಗಿಯ ನೇಕಾರರ ಓಣಿ! ಅಲ್ಲಿ ಸೀರೆ ನೋಡುವ ಹೆಂಗಸು ಮುಖಕ್ಕಿಂತ ಮೊದಲು ಸೆರಗು ನೋಡುತ್ತಾಳೆ. ಶೇಖವ್ವನ ಚಿಕ್ಕಮ್ಮನ ಮಕ್ಕಳು ಅದೇ ಓಣಿಯಲ್ಲಿದ್ದರು. ಎದ್ದು, ಬಸುವಿನ ಮದುವೆಗೆಂದು ಅಮರಪ್ಪ ತನ್ನ ಕೈಯಾರೆ ನೇದು ಕೊಟ್ಟ ದಾಳಿಂಬರಿ ಬಣ್ಣದ ಸೀರೆ ಉಟ್ಟಳು. ಹೋಗಿ ಆ ದರಿದ್ರ ಸೀರೆಯನ್ನು ಇಸಿದುಕೊಂಡು ಬರುವುದು, ನಾಟಕ ನೋಡುವುದಿಲ್ಲ ಎಂದು ಗಂಡನಿಗೆ ಹೇಳಿ, ಸೊಸೆ ಮೊಮ್ಮಗಳ ಜೊತೆ ಬಸ್ಸು ಹತ್ತಿದಳು.

ಪರೀಕ್ಷೆಯ ದಿನಗಳು. ರಾತ್ರಿ ಮೈಕು ಹಚ್ಚಬಾರದೆಂದು ಪೊಲೀಸರು ಹೇಳಿದ್ದರಿಂದ ನಾಟಕವನ್ನು ಹಗಲಲ್ಲೇ ಇಟ್ಟಿದ್ದರು. ವಾಚನಾಲಯದ ಸಹಾಯಾರ್ಥ ಪ್ರಯೋಗ. ಓಣಿಯ ಸಮುದಾಯ ಭವನ ತುಂಬಿ ಕಿಟಕಿಗಳಲ್ಲೂ ಜನ. ಇವರು ಮುಟ್ಟುವಷ್ಟರಲ್ಲಿ ಗಂಟೆ ಬಾರಿಸಿ ಪರದೆ ಎದ್ದಾಗಿತ್ತು. ಒಳಗೆ ಹೋಗಲು ದಾರಿ ಇರಲಿಲ್ಲ. ಶೇಖವ್ವ ಹೆಂಗಸರ ನಡುವೆ ಕೂರಬೇಕಾಯಿತು.

ವೇದಿಕೆಯ ಮೇಲೆ ಒಂದು ಮಗ್ಗ. ಅದರ ಪಕ್ಕದಲ್ಲಿ ರೊಟ್ಟಿ ಬಡಿಯುತ್ತ ಕೂತ ಮುದುಕಿ. ಮಲಿಕಾ ಇನ್ನೂ ಹರೆಯದವಳು. ಆದರೆ ಸೊಂಟಕ್ಕೆ ಕೈಯಿಟ್ಟು ಎದ್ದ ರೀತಿ, ಮೂಗಿನಿಂದ ಉಸಿರು ಬಿಟ್ಟ ರೀತಿ ನೋಡಿ ಪ್ರಿಯದರ್ಶಿನಿ ಅಜ್ಜಿಯ ತೊಡೆ ಚಿವುಟಿದಳು. ಮುದುಕಿ ಬಾಯಿ ತೆರೆದರೆ ಭವನವೇ ನಗುತ್ತಿತ್ತು. ಹಾರ ತುರಾಯಿ ತರಬೇಕಾಗಿತ್ತು ಎಂಬ ಮಾತಿಗೆ ಗಂಡಸರು ಸೀಟಿ ಹೊಡೆದರು. ಶೇಖವ್ವನಿಗೆ ಮೈಯೆಲ್ಲ ಬಿಸಿಯಾಯಿತು. ಸಿಟ್ಟೋ, ಮತ್ತೇನೋ, ಆಕೆಗೇ ಗೊತ್ತಾಗಲಿಲ್ಲ. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ದಪ್ಪ ಕನ್ನಡಕದ ಒಬ್ಬ ದಢೂತಿ ಮನುಷ್ಯ ತೊಡೆ ತಟ್ಟಿ ನಗುತ್ತಿದ್ದ. ಅವನೇ ಅಮೀನಸಾಬ ಎಂದು ಸಂಗವ್ವ ಕಿವಿಯಲ್ಲಿ ಹೇಳಿದಳು.

ಎರಡು ಅಂಕ ಮುದುಕಿ ತಲೆ ತುಂಬ ಸೆರಗು ಹೊದ್ದು ಎದುರಿಗೇ ಮುಖ ಮಾಡಿದ್ದಳು. ಮೂರನೆಯ ಅಂಕದಲ್ಲಿ ಕೆಟ್ಟಿತು. ಮಗ ಮನೆ ಬಿಟ್ಟು ಹೋದ ಸುದ್ದಿ ಕೇಳಿ ಮುದುಕಿ ಜನಕ್ಕೆ ಬೆನ್ನು ತಿರುಗಿಸಿ, ಮಗ್ಗದ ಮೇಲೆ ಬಿದ್ದು ಅಳಬೇಕು. ಮಲಿಕಾ ಬಿದ್ದಳು. ಸೆರಗು ಬೆನ್ನ ಮೇಲೆ ಪೂರಾ ಹರಡಿಕೊಂಡಿತು.

"ಅಯ್ಯ, ಸೆರಗ ನೋಡ್ರೆ," ಎಂದು ಮುಂದೆ ಕೂತ ಹೆಂಗಸೊಬ್ಬಳು ಪಕ್ಕದವಳ ಮೊಳಕೈ ತಿವಿದಳು.

ಆ ತಿವಿತ ಸಾಲುಸಾಲಾಗಿ ಹಿಂದಕ್ಕೆ ಬಂತು. ಒಬ್ಬಳು ಬೆರಳು ಮಡಚಿ ಪಟ್ಟಿ ಎಣಿಸಿದಳು. ಇನ್ನೊಬ್ಬಳು ಕಿಸಕ್ಕೆಂದಳು. ಗಂಡಸರ ಕಡೆಯಿಂದ ಯಾರೋ ಬಿಳಿ ಪಟ್ಟಿ ಎಲ್ಲಿ ಹೋಯಿತೆಂದು ಕೂಗಿದರು. ಮುದುಕಿ ಬಿಕ್ಕಿಬಿಕ್ಕಿ ಅಳುತ್ತಿದ್ದರೆ ಭವನ ಬಿದ್ದುಬಿದ್ದು ನಕ್ಕಿತು. ಮಲಿಕಾ ತನ್ನ ತಪ್ಪೇನೆಂದು ತಿಳಿಯದೆ ಇನ್ನೂ ಜೋರಾಗಿ ಅತ್ತಳು. ಅಮೀನಸಾಬ ಹಿಂದಕ್ಕೆ ತಿರುಗಿ ತಿರುಗಿ ನೋಡಿದ, ಆಮೇಲೆ ಕೈಗಡಿಯಾರ ನೋಡಿದ. ವೇದಿಕೆಯ ಬದಿಗೆ ಪೇಟಿಯ ಮುಂದೆ ಕೂತ ಬಸು ಮೊದಲು ಜನರನ್ನು ನೋಡಿ, ಆಮೇಲೆ ಆ ಸೆರಗನ್ನು ನೋಡಿದ. ಅವನ ಬೆರಳು ಪೇಟಿಯ ಮೇಲೆ ನಿಂತುಹೋದವು.

ಶೇಖವ್ವ ಇನ್ನೇನೂ ಮಾಡಬೇಕಾಗಿರಲಿಲ್ಲ. ಅಲ್ಲೇ ಕೂತಿದ್ದರೆ ಸಾಕಾಗಿತ್ತು. ಆ ದಢೂತಿ ಮನುಷ್ಯ ಎದ್ದು ಹೋಗುತ್ತಿದ್ದ, ಪೇಟಿ ಮಾರಾಟವಾಗುತ್ತಿತ್ತು, ಮಗ ಮಗ್ಗಕ್ಕೆ ಬರುತ್ತಿದ್ದ. ಇಷ್ಟು ದಿನ ಬೇಡಿದ ವರ ಕೈಗೆ ಬಂದು ಬಿದ್ದಿತ್ತು.

"ನೇದಾಂವ ಕುಡದಿರಬೇಕು," ಅಂದಳು ಮುಂದಿನವಳು. "ಇಳಕಲ್ಲಿನವರು ಈಗ ಹಿಂಗೇನು ನೇಯೂದು?"

ಶೇಖವ್ವ ಎದ್ದಳು. ಸಂಗವ್ವನ ಕಂಕುಳಲ್ಲಿದ್ದ ಚೀಲ ಕಿತ್ತುಕೊಂಡಳು. ಕೂತವರ ತೊಡೆ, ಕೈ ಏನೂ ನೋಡದೆ ತುಳಿದುಕೊಂಡು ಹೋಗಿ ವೇದಿಕೆ ಹತ್ತಿದಳು. ರೂಢಿಗೆ ಎದುರಿಲ್ಲ. ಕೊಲೆಯ ಸೀನಿದ್ದರೂ ಆಯೇರಿ ಬಂದರೆ ನಾಟಕ ನಿಲ್ಲಬೇಕು, ಹೆಸರು ಕೂಗಬೇಕು. ಮೈಕು ಹಿಡಿದ ಹುಡುಗ ಓಡಿಬಂದ.

"ಬರ್ಕೋ. ಇಳಕಲ್ಲಿನ ಅಮರಪ್ಪನವರ ಹೆಂಡತಿ ಶೇಖವ್ವ. ಮುದುಕಿ ಪಾರ್ಟಿನ ಹೆಣ್ಣುಮಗಳಿಗೆ ಸೀರಿ ಆಯೇರಿ."

ಹುಡುಗ ಚೀಲದಲ್ಲಿ ಇಣುಕಿದ. ರುಮಾಲು, ಕಾಯಿ ಅಷ್ಟೇ ಇದ್ದವು. "ಸೀರಿ ಎಲ್ಲೈತ್ರಿ?"

"ಉಟಗೊಂಡೇನಿ. ಪರದೆ ಇಳಸು."

ಪರದೆಯ ಹಿಂದೆ ಬಸು ಓಡಿಬಂದು ಏನೋ ಹೇಳಲು ಬಾಯಿ ತೆರೆದ. ಪೇಟಿಯ ಹತ್ತಿರ ಹೋಗಿ ಕೂರು, ಇದು ಹೆಂಗಸರ ಕೆಲಸ ಎಂದು ಶೇಖವ್ವ ಅವನನ್ನು ದಬ್ಬಿದಳು. ಬಣ್ಣದ ಕೋಣೆಯಲ್ಲಿ ಮಲಿಕಾ ನಿಂತಿದ್ದಳು. ಬಳಿದ ಸುಕ್ಕುಗಳ ಮೇಲೆ ಖರೆ ಕಣ್ಣೀರು ಇಳಿದು ಗೆರೆ ಮೂಡಿದ್ದವು.

"ಯವ್ವಾ, ನಾ ಏನು ತಪ್ಪು ಮಾಡೀನಿ?"

"ನೀ ಏನೂ ಮಾಡಿಲ್ಲ. ನಿನ್ನ ಮಾಸ್ತರ ಮಾಡ್ಯಾನ. ಬಿಚ್ಚು ಅದನ್ನ."

ಮಲಿಕಾ ಬಿಚ್ಚಿದಳು. ಶೇಖವ್ವ ದಾಳಿಂಬರಿ ಸೀರೆಯನ್ನು ತಾನೇ ಅವಳಿಗೆ ಉಡಿಸಿ, ಕಚ್ಚೆ ಸರಿಮಾಡಿ, ಸೆರಗನ್ನು ಬೆನ್ನ ಮೇಲೆ ಅಂಗೈಯಿಂದ ತಿದ್ದಿದಳು. ಮೂರು ಕೆಂಪು, ಎರಡು ಬಿಳಿ.

"ನೀವು ಇದನ್ನ ಉಡ್ತೀರೇನ್ರಿ?" ಎಂದಳು ಮಲಿಕಾ, ನೆಲದ ಮೇಲೆ ಬಿದ್ದ ಸೀರೆ ತೋರಿಸಿ.

"ಮತ್ತ ಬರೇ ಮೈಲೆ ಬಸ್ ಹತ್ಲೇನು? ಹೋಗು. ಈ ಸಲ ಧೈರ್ಯದಿಂದ ಬೆನ್ನು ತೋರ್ಸು."

ಹೆಸರು ಕೂಗಿದಾಗ ಹೆಂಗಸರು ಚಪ್ಪಾಳೆ ಹೊಡೆದರು. ಬಸು ಸೀನನ್ನು ಮೊದಲಿನಿಂದ ಎತ್ತಿಕೊಂಡ. ಮಲಿಕಾ ಮಗ್ಗದ ಮೇಲೆ ಬಿದ್ದಳು, ಅಮರಪ್ಪ ನೇದ ಸೆರಗು ಬೆನ್ನ ತುಂಬ ಹರಡಿತು, ಈಗ ಎಣಿಸುವವರಿರಲಿಲ್ಲ. ತಪ್ಪಿದ ಸೀರೆ ಉಟ್ಟು ಜನರ ನಡುವೆ ಹೋಗಲಾರದೆ ಶೇಖವ್ವ ಪರದೆಯ ಮರೆಯಲ್ಲೇ ನಿಂತು ನೋಡಿದಳು. ಕೊನೆಯ ಸೀನಿನಲ್ಲಿ ಮುದುಕಿ ಅರ್ಧ ಹಾಕಿದ ಕೊಂಡಿಯ ಮುಂದೆ, ಎದುರು ಕೂರುವವರಿಲ್ಲದೆ, ಎಳೆ ಹಿಡಿದುಕೊಂಡೇ ಸತ್ತಳು. ಭವನದಲ್ಲಿ ಮೂಗು ಸೀನುವ ಸಪ್ಪಳ ಬಿಟ್ಟರೆ ಬೇರೆ ಸಪ್ಪಳವಿರಲಿಲ್ಲ. ಅಮೀನಸಾಬ ಕನ್ನಡಕ ತೆಗೆದು ಒರೆಸಿದ. ಶೇಖವ್ವ ಅಳಲಿಲ್ಲ. ತನ್ನನ್ನು ಹೀಗೆ ನಾಲ್ಕು ಜನರ ಮುಂದೆ ಕೊಂದು ಹಾಕಿದ್ದಾನಲ್ಲ ಎಂದು ಅವಳಿಗೆ ಮಗನ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಹೆಂಗಸರು ಸೆರಗನ್ನು ಓರೆಗಣ್ಣಿಂದ ನೋಡಿದರು. ಸಂಗವ್ವ ತನ್ನ ಚಾದರ ಹೊದಿಸಲು ಹೋದಳು. ಶೇಖವ್ವ ಅದನ್ನು ಸರಿಸಿ ನೆಟ್ಟಗೆ ಕೂತಳು.

ಅಮರಪ್ಪ ಕಟ್ಟೆಯ ಮೇಲೆ ಕೂತಿದ್ದ.

"ಹೆಂಗಾತು?" ಎಂದು ಕೇಳಿದ.

"ಛಲೋ ಆತು."

"ಬಸು?"

"ಸಾಬ ಒಪ್ಪಿದ. ಅಲ್ಲೇ ಮಾತಾಡಾಕತ್ತಾರ."

ಅವನು ಎಲೆಯಡಿಕೆಯ ಚೀಲ ಬಿಚ್ಚಿದ, ಕಟ್ಟಿದ. ಆಮೇಲೆ ಹೆಂಡತಿಯ ಸೆರಗಿನ ತುದಿ ಹಿಡಿದು ಬೆರಳಾಡಿಸಿದ.

"ಇದು ಆ ಸೀರಿ," ಅಂದ.

"ಹೌದು. ಉಣ್ಣಾಕ ಏಳ್ರಿ."

ಯುಗಾದಿಯ ಬೇವು ತಿಂದ ಮರುದಿನ ಬಸು ಬಾದಾಮಿಗೆ ಹೊರಟ. ಹಿಂದಿನ ಸಂಜೆ ಮತ್ತೊಂದು ಜಗಳವಾಗಬೇಕಾಗಿತ್ತು. ಸಂಗವ್ವ ಅದನ್ನು ತಪ್ಪಿಸಿದಳು. ಒಡಲು ತಾನು ನೇಯುತ್ತೇನೆ, ಸೆರಗನ್ನು ತನ್ನ ಕಣ್ಣು, ಮಾವನ ಕೈ ಕೂಡಿ ಮಾಡುತ್ತವೆ ಎಂದಳು. ಉಳಿದದ್ದು ಕೊಂಡಿ, ಆ ಕೈ ಅವಳಿಗಿನ್ನೂ ಬಂದಿರಲಿಲ್ಲ. ಪ್ರತಿ ಕೊಂಡಿಗೂ ಬರುತ್ತೇನೆ, ಎದುರುಮನೆಗೆ ಫೋನ್ ಮಾಡಿ ದಿನ ಕೇಳಿಕೊಳ್ಳುತ್ತೇನೆ ಎಂದು ಬಸು ಹೇಳಿದ. ಪಗಾರ ಬಂದರೆ ಅರ್ಧ ಮನೆಗೆ. ಬರದಿದ್ದರೆ ಮಳೆಗಾಲಕ್ಕೆ ಡೇರೆ ಕೀಳುವಾಗ ತಾನೂ ತಿರುಗಿ ಬಂದು ಮಗ್ಗಕ್ಕೆ ಕೂರುತ್ತೇನೆ. ಅಮರಪ್ಪ ಹೂಂ ಅಂದ. ಶೇಖವ್ವ ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದಳು.

ಮೊದಲನೆಯ ಕೊಂಡಿಗೆ ಬಂದ. ಎರಡನೆಯದಕ್ಕೂ ಬಂದ, ಪಗಾರದ ಅರ್ಧವನ್ನೂ ತಂದ. ಮೂರನೆಯ ಸಲ ಪಗಾರ ಬಂದಿರಲಿಲ್ಲ, ಅವನು ಮಾತ್ರ ಬಂದ. ನಾಲ್ಕನೆಯದರ ದಿನ ಮೊದಲ ಬಸ್ಸು ಬಂತು, ಬಸು ಇರಲಿಲ್ಲ.

ಅಮರಪ್ಪ ಈ ಕಡೆ ಕೂತಿದ್ದ. ಸಂಗವ್ವ ನೂಲು ತರಲು ಸಾವಕಾರನ ಅಂಗಡಿಗೆ ಹೋಗಿದ್ದಳು. ಶೇಖವ್ವ ಒಲೆಯ ಕಿಚ್ಚು ಹಿಂದಕ್ಕೆಳೆದು, ಹಿಟ್ಟಿನ ಕೈ ತೊಳೆದುಕೊಂಡು ಬಂದು ಆ ಕಡೆ ಕೂತಳು. ಮೈಮೇಲೆ ಅದೇ ತಪ್ಪಿದ ಸೀರೆ. ಈಗ ಮನೆಯಲ್ಲಿ ಅದನ್ನೇ ಉಡುತ್ತಿದ್ದಳು, ನೋಡಿದವರಿಗೆ ತಾನೇ ಮೊದಲು ಹೇಳುತ್ತಿದ್ದಳು. ಹರೆಯದಲ್ಲಿ ಕಲಿತ ಕೈ. ಹೆಗಲು ಹಿಡಿದ ಮೇಲೆ ಬಿಟ್ಟಿದ್ದಳು. ನೋವು ಬೆನ್ನಿಗೆ ಇಳಿಯಿತು. ಬೈಯುತ್ತ ಬೈಯುತ್ತ ಎಳೆ ಕೂಡಿಸಿದಳು. ಅಮರಪ್ಪನ ಕಣ್ಣಿಂದ ನೀರು ಸುರಿಯತೊಡಗಿತ್ತು. ಕುಣಿಕೆ ಕಾಣದೆ ಗಾಳಿಯಲ್ಲಿ ಬೆರಳಾಡಿಸುತ್ತಿದ್ದ.

ಅರ್ಧವಾಗಿರುವಾಗ ಬಸು ಬಂದ. ಬೇಗ ಬೇಗ ನಡೆದು ಬಂದಿದ್ದ, ಅಂಗಿ ಬೆವರಿಗೆ ಅಂಟಿತ್ತು. ಕೈಯಲ್ಲಿ ಒಂದು ಗಂಟು. ಈಗ ಅದೇ ಕಂಪನಿಯಲ್ಲಿದ್ದ ಮಲಿಕಾ ಒಗೆದು ಮಡಚಿ ತಿರುಗಿ ಕೊಟ್ಟ ದಾಳಿಂಬರಿ ಸೀರೆ. ತಾಲೀಮು ಮುಗಿಯಲಿಲ್ಲ, ಬಸ್ಸು ಹೋಗಿಬಿಟ್ಟಿತು ಎನ್ನಲು ಬಾಯಿ ತೆರೆದವನು, ತನ್ನ ಜಾಗದಲ್ಲಿ ತಾಯಿ ಕೂತದ್ದು ನೋಡಿ ಗಂಟನ್ನು ಕೆಳಗಿಟ್ಟ.

"ಏಳಬೇ, ನಾ ಕೂಡ್ತೇನಿ."

"ನಾ ಏಳೂದಿಲ್ಲ. ನಿಮ್ಮಪ್ಪನ್ನ ಎಬ್ಬಸು. ಆ ಕಡೆ ನೀ ಕೂಡು."

ಅಮರಪ್ಪ ಮೊಣಕಾಲು ಹಿಡಿದು ಎದ್ದು, ಮಗನ ಹೆಗಲು ಮುಟ್ಟಿ ಕಟ್ಟೆಗೆ ಹೋದ. ಬಸು ಕೂತ. ಎಳೆ ಹಿಡಿದ. ಎದುರುಮನೆಯಲ್ಲಿ ಮಿಕ್ಸರ್ ತಿರುಗಿ ನಿಂತಿತು.

"ಮಳಿಗಾಲ ಆದಮ್ಯಾಲ ಗುಳೇದಗುಡ್ಡದಾಗ ಡೇರೆ," ಅಂದ ಬಸು. "ಮೊದಲಿಗಿ ಅದನ್ನ ಆಡಸೂದು, ಮುದುಕಿ ನಾಟಕ."

ಶೇಖವ್ವ ತಲೆ ಎತ್ತದೆ ಕೇಳಿದಳು. "ಆಕೀನ ಯಾಕ ಕೊಂದಿ?"

"ಯಾರನ್ನ?"

"ಆ ಮುದುಕೀನ."

"ಜನ ಅಳಬೇಕಲ್ಲಬೇ."

"ಅಳಾಕ ಬ್ಯಾರೆ ಯಾರನ್ನರ ಕೊಲ್ಲು. ಆಕಿ ಸತ್ತರ ಕೊಂಡಿ ಹಾಕವ್ರು ಯಾರು?"

ಬಸು ತಾಯಿಯನ್ನು ನೋಡಿದ. ಕೈಯಲ್ಲಿದ್ದ ಕೆಂಪು ಎಳೆ ಹಾಗೇ ನಿಂತಿತು.

"ಬಾಯಿ ತಕ್ಕೊಂಡು ಏನು ನೋಡ್ತಿ," ಅಂದಳು ಶೇಖವ್ವ, ತನ್ನ ಕಡೆಯ ಕುಣಿಕೆ ಅಗಲಿಸಿ ಮುಂದಕ್ಕೆ ಚಾಚಿ. "ಎಳಿ ಹಾಕು."